ರೋಗಿಯ ಹಾಸುಬಟ್ಟೆ

ಮನೆಯಲ್ಲಿ ವಯಸ್ಸಾದವರೊಬ್ಬರು ಹಾಸಿಗೆ ಹಿಡಿದರೆ ವೈದ್ಯರನ್ನು ಕರೆಸುತ್ತೇವೆ, ಔಷಧ ತರುತ್ತೇವೆ, ಪಥ್ಯದ ಅಡಿಗೆ ಮಾಡುತ್ತೇವೆ. ನಾಲ್ಕು ಜನ ಬಂದು ಯೋಗಕ್ಷೇಮ ವಿಚಾರಿಸಿದಾಗ ಈ ಮೂರರ ಮಾತನ್ನೂ ಆಡುತ್ತೇವೆ. ನಾಲ್ಕನೆಯ ಕೆಲಸವೊಂದುಂಟು, ಅದನ್ನು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ರಾತ್ರಿ ನೆನೆದ ದುಪ್ಪಟಿಯನ್ನು ಬೆಳಗಾಗುವ ಮೊದಲು ಎತ್ತಿದವರು ಯಾರು? ಎಲ್ಲಿ ಒಗೆದರು? ಎಲ್ಲಿ ಒಣಹಾಕಿದರು? ಒಂದು ಮನೆಯ ಒಬ್ಬ ರೋಗಿಯ ಮಟ್ಟಿಗೆ ಇದು ಹಿತ್ತಲಿನ ಸಂಗತಿ. ಮೂವತ್ತು ನಲವತ್ತು ಮಂದಿ ವೃದ್ಧರು ಒಂದೇ ಸೂರಿನಡಿ ಇರುವ ಆಶ್ರಮದಲ್ಲಾದರೋ ಇದು ಪ್ರಾಣದ ಸಂಗತಿ. ಈ ನಾಲ್ಕನೆಯ ಕೆಲಸಕ್ಕೂ ಒಂದು ಚರಿತ್ರೆಯಿದೆ. ಅದನ್ನು ಹೇಳುವಾಗ ನಮ್ಮ ಮಳವಳ್ಳಿ ಸೀಮೆಯ ಮಾತು ನಡುನಡುವೆ ನುಸುಳಿದರೆ ಓದುಗರು ಮನ್ನಿಸಬೇಕು. ಊರಿನ ಮೇಷ್ಟ್ರಿಗೆ ಊರೇ ಮೊದಲ ಪುಸ್ತಕ.

ನಮ್ಮ ಪ್ರಾಚೀನರು ಇದನ್ನು ಅರಿಯದವರೇನಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಎಳೆಯ ಕೂಸಿನ ಕೋಣೆಯ ವಿಚಾರ ಬರುತ್ತದೆ. ಕೂಸಿನ ಹಾಸಿಗೆ, ಹೊದಿಕೆಗಳು ಮೆತ್ತಗೆ, ಹಗುರವಾಗಿ, ಶುಚಿಯಾಗಿರಬೇಕು. ಬೆವರು, ಕೊಳೆ, ಹುಳುಹುಪ್ಪಟೆ, ಮಲಮೂತ್ರ ಸೋಕಿದ್ದನ್ನು ಬಿಟ್ಟುಬಿಡಬೇಕು ಎಂದು ಹೇಳಿದ ಆಚಾರ್ಯನು ಅಲ್ಲಿಗೇ ನಿಲ್ಲಿಸುವುದಿಲ್ಲ. ಬೇರೆ ಬಟ್ಟೆ ಇಲ್ಲದ ಬಡವನು ಏನು ಮಾಡಬೇಕು? ಅದೇ ಬಟ್ಟೆಯನ್ನೇ ಚೆನ್ನಾಗಿ ಒಗೆದು, ಹೊಗೆ ಕೊಟ್ಟು, ಪೂರ್ತಿಯಾಗಿ ಒಣಗಿದ ಮೇಲೆ ಬಳಸಬಹುದು ಎನ್ನುತ್ತಾನೆ. ಹೊಗೆಗೆ ಜವೆ, ಸಾಸಿವೆ, ಇಂಗು, ಗುಗ್ಗುಳ, ಬಜೆ ಮೊದಲಾದವನ್ನು ಹೆಸರಿಸುತ್ತಾನೆ. ಒಗೆತ, ಧೂಪ, ಒಣಗುವಿಕೆ ಎಂಬ ಈ ಕ್ರಮವನ್ನು ಗಮನಿಸಿರಿ. ಒದ್ದೆಬಟ್ಟೆಯನ್ನು ಮಡಚಿಡಬಾರದು ಎಂಬುದನ್ನು ಇಂದಿನ ಆಸ್ಪತ್ರೆಯ ಮೇಲ್ವಿಚಾರಕರೂ ಬಾಯಿ ನೋಯುವಷ್ಟು ಸಾರಿ ಹೇಳಬೇಕಾಗಿದೆ.

ಆದರೆ ಇದೇ ಗ್ರಂಥದ ಸೂತ್ರಸ್ಥಾನದಲ್ಲಿ ಚಿಕಿತ್ಸೆಗಾಗಿ ಕಟ್ಟಬೇಕಾದ ಮನೆಯ ವರ್ಣನೆಯೂ ಇದೆ. ಅಲ್ಲಿ ಯಾರು ಯಾರಿರಬೇಕು? ಅಡಿಗೆಯವರು, ಮೀಯಿಸುವವರು, ಮೈಯೊತ್ತುವವರು, ರೋಗಿಯನ್ನು ಎಬ್ಬಿಸುವವರು, ಮಲಗಿಸುವವರು, ಔಷಧ ಅರೆಯುವವರು. ಪಟ್ಟಿ ದೊಡ್ಡದು. ಬಟ್ಟೆ ಒಗೆಯುವವನೊಬ್ಬನು ಅದರಲ್ಲಿ ಇಲ್ಲ. ಶುಭ್ರವಾದ ಹಾಸಿಗೆ ಬೇಕು. ಅದನ್ನು ಶುಭ್ರ ಮಾಡುವವನು ಲೆಕ್ಕಕ್ಕಿಲ್ಲ. ಈ ಮರೆವು ಮುಂದೆಯೂ ನಮ್ಮನ್ನು ಬಿಡಲಿಲ್ಲವೆಂಬುದನ್ನು ನೋಡುವಿರಿ.

ಒಗೆಯುವವನ ಲೆಕ್ಕ ಸಿಕ್ಕುವುದು ವೈದ್ಯಶಾಸ್ತ್ರದಲ್ಲಲ್ಲ, ರಾಜ್ಯಶಾಸ್ತ್ರದಲ್ಲಿ; ಅದೂ ದಂಡದ ಪ್ರಕರಣದಲ್ಲಿ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಗಸನಿಗೆ ಕಟ್ಟಳೆಗಳಿವೆ. ಮರದ ಹಲಗೆಯ ಮೇಲೆ ಅಥವಾ ನುಣುಪಾದ ಕಲ್ಲಿನ ಮೇಲೆ ಒಗೆಯಬೇಕು. ಬೇರೆ ಕಡೆ ಒಗೆದರೆ ಬಟ್ಟೆಯ ನಷ್ಟ ತುಂಬಿಕೊಟ್ಟು 6 ಪಣ ದಂಡ ತೆರಬೇಕು. ಅವನು ತಾನು ಉಡುವ ಬಟ್ಟೆಗೆ ಕೊಡತಿಯ ಗುರುತು ಇರಬೇಕು. ಗುರುತಿಲ್ಲದ ಬಟ್ಟೆ ಉಟ್ಟರೆ 3 ಪಣ. ಪರರ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ, ಅಡವಿಟ್ಟರೆ 12 ಪಣ. ಮನುಸ್ಮೃತಿಯಾದರೂ ಬೂರುಗದ ನುಣುಪು ಹಲಗೆಯ ಮೇಲೆ ಮೆಲ್ಲಗೆ ಒಗೆಯಲಿ, ಒಬ್ಬರ ಬಟ್ಟೆಯನ್ನು ಇನ್ನೊಬ್ಬರದರೊಡನೆ ಬೆರಸದಿರಲಿ, ಒಬ್ಬರದನ್ನು ಇನ್ನೊಬ್ಬರಿಗೆ ಉಡಿಸದಿರಲಿ ಎನ್ನುತ್ತದೆ. ಇವೆಲ್ಲ ಸ್ವತ್ತಿನ ರಕ್ಷಣೆಗೂ ಜಾತಿಯ ಕಟ್ಟಿಗೂ ಹುಟ್ಟಿದ ನಿಯಮಗಳೇ ಹೊರತು ಆರೋಗ್ಯಕ್ಕಾಗಿ ಅಲ್ಲ. ಆದರೂ ಒಬ್ಬರ ಬಟ್ಟೆ ಒಬ್ಬರದರೊಡನೆ ಬೆರೆಯಬಾರದು ಎಂಬ ಮಾತನ್ನು ವೃದ್ಧಾಶ್ರಮದ ಬಾಗಿಲಲ್ಲಿ ಬರೆದು ಹಾಕಿದರೆ ತಪ್ಪೇನಿಲ್ಲ.

ಗುರುತಿನ ಮಾತು ಬಂದಿತು. ನಮ್ಮ ಕಡೆಯ ಮಡಿವಾಳರು ಅಂಚಿನ ಮೂಲೆಯಲ್ಲಿ ಚುಕ್ಕಿ, ಗೀಟು, ಕತ್ತರಿ ಗುರುತುಗಳನ್ನು ಹಾಕುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರಾದವರು ಕಂಡಿರಬೇಕು. ಓದುಬರಹವಿಲ್ಲದ ಮನುಷ್ಯನು ನೂರು ಮನೆಯ ಬಟ್ಟೆಯನ್ನು ತಪ್ಪದೆ ಹಿಂದಕ್ಕೆ ಮುಟ್ಟಿಸುತ್ತಿದ್ದನಷ್ಟೆ! ಆ ಗುರುತಿನ ಮಸಿ ಕರಿಗೇರಿನ ಬೀಜದ್ದು. ಬೀಜದ ರಸಕ್ಕೆ ಸುಣ್ಣ ಸೇರಿದರೆ ಎಷ್ಟು ಒಗೆದರೂ ಹೋಗದ ಕಪ್ಪು. ಮಾವು, ಗೋಡಂಬಿಗಳ ಕುಲಕ್ಕೇ ಸೇರಿದ ಮರವದು. ಅದರ ರಸ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದ ಪರದೇಶದ ಸಿಪಾಯಿಗಳಿಗೆ ಅಂಗಿಯ ಕೊರಳಪಟ್ಟಿ ತಾಕುವ ಕಡೆ ಗುಳ್ಳೆ ಎದ್ದು, ವೈದ್ಯರು ಕಾರಣ ಹುಡುಕಿದಾಗ ಸಿಕ್ಕಿದ್ದು ಧೋಬಿಯ ಈ ಗುರುತು. ವೃದ್ಧರ ಚರ್ಮ ಮೊದಲೇ ತೆಳು. ಅವರ ಬಟ್ಟೆಗೆ ಬಣ್ಣದ ನೂಲಿನ ಹೊಲಿಗೆಯ ಗುರುತೇ ಸಾಕು.

ಇನ್ನು ಒಗೆಯುವ ವಿಧಾನ. ಸಾಬೂನು ಮನೆಮನೆಗೆ ಬರುವ ಮುಂಚೆ ನಮ್ಮ ಸೀಮೆಯಲ್ಲಿ ಬಟ್ಟೆಗೆ ಚೌಳುಮಣ್ಣೇ ಗತಿ. ಬೇಸಗೆಯಲ್ಲಿ ತಗ್ಗಿನ ನೆಲದ ಮೇಲೆ ಬೆಳ್ಳಗೆ ಉಕ್ಕುವ ಆ ಮಣ್ಣಿನಲ್ಲಿ ಸೋಡಾದ ಕ್ಷಾರವಿದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೀರು ನಿಂತು ಚೌಳಾದ ಗದ್ದೆಯನ್ನು ಕಂಡು ರೈತ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾನೆ. ಒಂದು ಕಾಲಕ್ಕೆ ಅಂಥ ಮಣ್ಣನ್ನೇ ಮಡಿವಾಳ ಕತ್ತೆಯ ಮೇಲೆ ಹೇರಿಕೊಂಡು ಬರುತ್ತಿದ್ದ. ಬಟ್ಟೆಯನ್ನು ಚೌಳುನೀರಿನಲ್ಲಿ ಅದ್ದಿ, ಹಿಂಡಿ, ಒಲೆಯ ಮೇಲಿನ ದೊಡ್ಡ ಬಾನೆಯ ಬಾಯಿಯ ಸುತ್ತ ಗೋಪುರದಂತೆ ಅಡಕಿ, ಕೆಳಗೆ ಉರಿ ಹಾಕಿದರೆ ಆವಿ ಬಟ್ಟೆಯ ಮಡಿಕೆ ಮಡಿಕೆಗೂ ನುಗ್ಗುತ್ತದೆ. ಇದಕ್ಕೆ ಉಬ್ಬೆ ಎಂದು ಹೆಸರು. ಉಬ್ಬೆಯಲ್ಲಿ ಬೆಂದ ಬಟ್ಟೆಯನ್ನು ಕೆರೆಯ ಕೋಡಿಯಲ್ಲೋ ಶಿಂಷೆಯ ದಡದಲ್ಲೋ ಕಲ್ಲಿಗೆ ಬಡಿದು, ಜಾಲಿಸಿ, ಬಿಸಿಲಿಗೆ ಹರಡುತ್ತಿದ್ದರು. ಕ್ಷಾರ, ಹಬೆ, ಹರಿಯುವ ನೀರು, ಬಿಸಿಲು. ಸೂಕ್ಷ್ಮಜೀವಿಗಳ ಹೆಸರನ್ನೇ ಕೇಳದಿದ್ದ ಜನ ಅವುಗಳನ್ನು ಕೊಲ್ಲುವ ನಾಲ್ಕು ಸಾಧನಗಳನ್ನೂ ಒಂದೇ ಕಸುಬಿನಲ್ಲಿ ಹೊಂದಿಸಿಕೊಂಡಿದ್ದರು. ನನ್ನ ಮಟ್ಟಿಗೆ ಉಬ್ಬೆಯನ್ನು ಮೀರಿದ ಜಾಣ್ಮೆ ನಮ್ಮ ಹಳ್ಳಿಯ ಕಸುಬುಗಳಲ್ಲಿ ಅಪರೂಪ.

ಹಾಗೆಂದು ಹಳೆಯದೆಲ್ಲ ಹೊನ್ನೆನ್ನಲಾಗದು. ಕೆರೆ ಎಲ್ಲರದು, ಒಗೆಯುವುದೂ ಅದರಲ್ಲೇ, ಕುಡಿಯುವುದೂ ಅದರಲ್ಲೇ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಕಾಲರಾ ರೋಗದ ಮೂಲವನ್ನು ಹುಡುಕುತ್ತಿದ್ದಾಗ ಒಂದು ಕೊಳದ ನೀರಿನಲ್ಲಿ ಆ ರೋಗಾಣುವನ್ನು ಕಂಡನು. ಸುತ್ತಲಿನವರು ಮೀಯುತ್ತಿದ್ದುದೂ ಕುಡಿಯುತ್ತಿದ್ದುದೂ ಅದೇ ನೀರು. ಮೊದಲು ಸತ್ತ ರೋಗಿಯ ಬಟ್ಟೆಯನ್ನು ಜಾಲಿಸಿದ್ದೂ ಅದರಲ್ಲಿಯೇ. ಉಬ್ಬೆಗೆ ಹಾಕುವ ಮೊದಲೇ ಹೊಲಸನ್ನು ಕೆರೆಗೆ ಜಾಲಿಸಿದರೆ ಆಮೇಲೆ ಎಷ್ಟು ಬೇಯಿಸಿದರೂ ಏನು ಫಲ?

ಈಗ ಮಡಿ ಎಂಬ ಮಾತಿನ ಕಡೆ ಸ್ವಲ್ಪ ತಿರುಗೋಣ; ಕನ್ನಡ ಪಂಡಿತನಿಗೆ ಅದನ್ನು ಬಿಟ್ಟು ಹೋಗಲು ಮನಸ್ಸು ಬಾರದು. ಮಡಿ ಎಂದರೆ ಒಗೆದ ಬಟ್ಟೆ. ಅದನ್ನು ಮಾಡುವವನು ಮಡಿವಾಳ. ಮುಂದೆ ಮಡಿ ಎಂದರೆ ಮುಟ್ಟಬಾರದ ಸ್ಥಿತಿ ಎಂದಾಯಿತು. ಇವೆರಡೂ ಒಂದೇ ಎಂದು ನಾವು ಭಾವಿಸಿದ್ದೇ ತೊಡಕಿಗೆ ಕಾರಣ. ಬೆಳಗ್ಗೆ ಬಾವಿಯ ನೀರಿನಲ್ಲಿ ಅದ್ದಿ ಗಳುವಿನ ಮೇಲೆ ಹರವಿದ ಪಂಚೆ ಮಡಿಯೇನೋ ಹೌದು, ರೋಗಾಣು ಹೋಗಿದೆಯೆಂದು ಹೇಳಲಾಗದು. ಮಡಿವಾಳಗಿತ್ತಿ ಉಬ್ಬೆಯಲ್ಲಿ ಬೇಯಿಸಿ ತಂದ ಸೀರೆ ನಿಜಕ್ಕೂ ಶುದ್ಧ. ಆದರೆ ಆಕೆ ಮುಟ್ಟಿ ತಂದಳೆಂದು ಅದನ್ನು ಮತ್ತೆ ನೀರಿಗೆ ಹಾಕುವ ಮನೆಗಳಿದ್ದುವು! ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಅಗಸನೂ ಒಬ್ಬ. ಸುಗ್ಗಿಯಲ್ಲಿ ಕಣದ ಬಳಿ ಅವನ ಆಯ ಅಳೆದು ಕೊಡುತ್ತಿದ್ದರು. ಬಾಣಂತಿಯ ಬಟ್ಟೆ, ಮೈನೆರೆದವಳ ಬಟ್ಟೆ, ಸಿಡುಬಿನವರ ಬಟ್ಟೆ, ಸತ್ತವರ ಹಾಸು ಎಲ್ಲ ಅವರ ಗಂಟಿಗೇ. ಉತ್ಸವದ ದಿನ ದೇವರ ಮುಂದೆ ನಡೆಮಡಿ ಹಾಸಲು, ಪಂಜು ಹಿಡಿಯಲು ಅದೇ ಕೈ ಬೇಕು. ಮಾರನೆಯ ದಿನ ಅದೇ ಕೈ ಜಗಲಿಯ ಆಚೆ. ಜನ ಹೇಳುವ ಕಥೆಗಳಲ್ಲಿಯಾದರೂ ಅವರಿಗೆ ಒಳ್ಳೆಯ ಮಾತುಂಟೆ? ರಾಮಕಥೆಯಲ್ಲಿ ಸೀತೆಯ ಮೇಲೆ ಅಪವಾದ ಹೊರಿಸಿದವನು ಅಗಸ. ಮಥುರೆಯಲ್ಲಿ ಕೃಷ್ಣನ ಕೈಯಲ್ಲಿ ಸತ್ತವನೂ ಅಗಸ.

ಇದಕ್ಕೆ ದೊಡ್ಡ ಅಪವಾದವೆಂದರೆ ಹನ್ನೆರಡನೆಯ ಶತಮಾನ. ಹಿಪ್ಪರಗಿಯ ಮಡಿವಾಳ ಮಾಚಯ್ಯನು ಕಲ್ಯಾಣಕ್ಕೆ ಬಂದು ಶರಣರ ಬಟ್ಟೆಗಳನ್ನು ಮಡಿ ಮಾಡುವ ಕಾಯಕ ಹಿಡಿದನು. ಗಂಟನ್ನು ಹೊತ್ತ ತಲೆಯೇ ಅಲ್ಲಿ ಪೂಜ್ಯವಾಯಿತು. ಅದೇ ಕಾಲಕ್ಕೆ, ಬಿಜ್ಜಳನ ಆಳ್ವಿಕೆಯ 1162ರಲ್ಲಿ, ಬಳ್ಳಿಗಾವೆಯ ಕೋಡಿಯ ಮಠದ ಶಾಸನವೊಂದು ಹುಟ್ಟಿತು. ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿತ್ತು ಎಂದು ಅದರಿಂದ ತಿಳಿಯುತ್ತದೆ. ಇಂದು ನಾವು ಅನಾಥಾಲಯ, ವೃದ್ಧಾಶ್ರಮ ಎನ್ನುವುದರ ಪೂರ್ವರೂಪ ನಮ್ಮ ನಾಡಿನಲ್ಲಿ ಇದ್ದುದಕ್ಕೆ ಇದಕ್ಕಿಂತ ಹೆಮ್ಮೆಯ ಸಾಕ್ಷಿ ಬೇಕಿಲ್ಲ. ಆ ರೋಗಿಗಳು ಮಲಗಿದ ಚಾಪೆ, ಹೊದಿಕೆಗಳನ್ನು ದಿನವೂ ಯಾರೋ ಒಗೆದಿರಲೇಬೇಕು. ಕಲ್ಲು ಅವರ ಮಾತೆತ್ತುವುದಿಲ್ಲ.

ನಡುವಿನ ಶತಮಾನಗಳನ್ನು ದಾಟಿ 1799ಕ್ಕೆ ಬರೋಣ. ಆ ವರ್ಷ ಮಾರ್ಚಿ 27ರಂದು ನಮ್ಮ ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೇನೆಗೂ ಜನರಲ್ ಹ್ಯಾರಿಸನ ಸೇನೆಗೂ ಕಾಳಗ ನಡೆದುದನ್ನು ಚರಿತ್ರೆಯ ಪುಸ್ತಕದಲ್ಲಿ ಓದಿದ್ದೀರಿ. ಅದೇ ವರ್ಷ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಎಂಬಾತನು ಬಟ್ಟೆ ಬಿಳಿದು ಮಾಡುವ ಒಂದು ಪುಡಿಗೆ ಸನ್ನದು ಪಡೆದನು. ಅದೇ ಬ್ಲೀಚಿಂಗ್ ಪೌಡರು. ಮಗ್ಗದ ಬಟ್ಟೆಗೆಂದು ಹುಟ್ಟಿದ ಪುಡಿ ರೋಗಾಣುವಿಗೂ ಶತ್ರುವೆಂದು ತಿಳಿಯಲು ಕಾಲ ಹಿಡಿಯಿತು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಬಾಣಂತಿಯರನ್ನು ಮುಟ್ಟುವ ಮೊದಲು ಈ ಪುಡಿಯ ನೀರಿನಲ್ಲಿ ಕೈ ತೊಳೆಯಿರೆಂದು ವಿಧಿಸಿ ನೂರಾರು ಪ್ರಾಣ ಉಳಿಸಿದ ಕಥೆ ಪ್ರಸಿದ್ಧ. ಅಷ್ಟು ಪ್ರಸಿದ್ಧವಲ್ಲದ್ದು ಅದರ ಉತ್ತರಕಾಂಡ. ಪೆಸ್ಟ್ ನಗರಕ್ಕೆ ಹೋದ ಮೇಲೆ ಅಲ್ಲಿನ ಆಸ್ಪತ್ರೆಯಲ್ಲಿ ಬಾಣಂತಿಜ್ವರ ಮತ್ತೆ ತಲೆಯೆತ್ತಿದಾಗ ಅವನು ಕಾರಣವನ್ನು ಕಂಡದ್ದು ಸರಿಯಾಗಿ ಒಗೆಯದ ಹಾಸುಬಟ್ಟೆಗಳಲ್ಲಿ. ಕೈ ಶುದ್ಧವಾದರೆ ಸಾಲದು, ಹಾಸಿಗೆಯೂ ಶುದ್ಧವಾಗಬೇಕು.

1854ರ ನವೆಂಬರಿನಲ್ಲಿ ಸ್ಕುಟಾರಿಯ ಸೈನಿಕರ ಆಸ್ಪತ್ರೆಗೆ ಬಂದ ಫ್ಲಾರೆನ್ಸ್ ನೈಟಿಂಗೇಲಳ ಕೈದೀಪವನ್ನು ನಮ್ಮ ಪಠ್ಯಪುಸ್ತಕಗಳು ಮರೆಯುವುದಿಲ್ಲ. ಆಕೆ ಮೊದಮೊದಲು ಮಾಡಿದ ಕೆಲಸಗಳಲ್ಲೊಂದು ಹತ್ತಿರದಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ನೀರು ಕಾಯಿಸುವ ದೊಡ್ಡ ಕೊಪ್ಪರಿಗೆಗಳನ್ನು ಇಡಿಸಿ, ಸಿಪಾಯಿಗಳ ಹೆಂಡಿರನ್ನು ಸಂಬಳಕ್ಕೆ ಗೊತ್ತುಮಾಡಿ ರೋಗಿಗಳ ಅಂಗಿ, ದುಪ್ಪಟಿಗಳನ್ನು ಒಗೆಸಿದ್ದು. ದೀಪಕ್ಕೆ ಚಿತ್ರಕಾರರು ಸಿಕ್ಕಿದರು, ಕೊಪ್ಪರಿಗೆಗೆ ಸಿಕ್ಕಲಿಲ್ಲ.

ಆದರೆ ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ತೋರುವುದು ಟ್ಯೂನಿಸಿನ ಕಥೆ. ಉತ್ತರ ಆಫ್ರಿಕದ ಆ ಊರಿನಲ್ಲಿ ಟೈಫಸ್ ಎಂಬ ಜ್ವರ ವರ್ಷವರ್ಷವೂ ಜನರನ್ನು ಕೊಲ್ಲುತ್ತಿತ್ತು. (ನಮಗೆ ಪರಿಚಿತವಾದ ಟೈಫಾಯಿಡ್ ಬೇರೆ, ಇದು ಬೇರೆ.) ಅಲ್ಲಿನ ಪಾಸ್ತರ್ ಸಂಸ್ಥೆಯ ಮುಖ್ಯಸ್ಥನಾಗಿದ್ದ ಷಾರ್ಲ್ ನಿಕೋಲ್ ಎಂಬ ಫ್ರೆಂಚ್ ವೈದ್ಯನು ಆಸ್ಪತ್ರೆಗೆ ಹೋಗಿ ಬರುವಾಗ ಒಂದು ವಿಚಿತ್ರವನ್ನು ಗಮನಿಸಿದನು. ಬೀದಿಯಲ್ಲಿ ಈ ರೋಗ ಒಬ್ಬರಿಂದೊಬ್ಬರಿಗೆ ಹಬ್ಬುತ್ತದೆ. ಆಸ್ಪತ್ರೆಯ ಬಾಗಿಲವರೆಗೂ ಹಬ್ಬುತ್ತದೆ. ಒಳಗೆ, ವಾರ್ಡಿನಲ್ಲಿ, ಟೈಫಸ್ ರೋಗಿಯ ಪಕ್ಕದ ಮಂಚದವನಿಗೆ ಹತ್ತುವುದಿಲ್ಲ. ಆಸ್ಪತ್ರೆಯ ನೌಕರರಲ್ಲಿ ರೋಗ ಹತ್ತಿದವರು ಯಾರು? ಹೊಸ ರೋಗಿಯ ಬಟ್ಟೆ ಕಳಚಿಸಿ ತೆಗೆದುಕೊಳ್ಳುವವರು ಮತ್ತು ಆ ಬಟ್ಟೆ ಒಗೆಯುವವರು. ಹಾಗಾದರೆ ಬಾಗಿಲಿಗೂ ವಾರ್ಡಿಗೂ ನಡುವೆ ನಡೆಯುವುದೇನು? ರೋಗಿಯನ್ನು ಮೀಯಿಸುತ್ತಾರೆ, ಹಳೆಯ ಬಟ್ಟೆ ತೆಗೆದು ಆಸ್ಪತ್ರೆಯ ಬಟ್ಟೆ ಉಡಿಸುತ್ತಾರೆ. ರೋಗ ಬಟ್ಟೆಯ ಜೊತೆ ಹೊರಗೇ ಉಳಿಯುತ್ತದೆ! ಬಟ್ಟೆಯಲ್ಲಿರುವುದೇನು ಎಂದು ಕೇಳಿದರೆ ನಮ್ಮ ಅಜ್ಜಿಯರೂ ಉತ್ತರ ಹೇಳಿಯಾರು: ಕೂರೆ. ತಲೆಯದು ಹೇನು, ಬಟ್ಟೆಯ ಹೊಲಿಗೆಯಲ್ಲಿ ಅಡಗುವುದು ಕೂರೆ ಎಂದು ಕನ್ನಡ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದೆ. 1909ರಲ್ಲಿ ನಿಕೋಲ್ ಇದನ್ನು ಪ್ರಯೋಗದಿಂದ ಸಿದ್ಧಪಡಿಸಿದನು. 1928ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು. ಒಗೆಯುವವರ ಕಾಯಿಲೆ ಅವನಿಗೆ ದಾರಿ ತೋರಿತು. ಬಹುಮಾನದ ಚರಿತ್ರೆಯಲ್ಲಿ ಅವರ ಹೆಸರಿಲ್ಲ.

ನಮ್ಮ ಮೈಸೂರು ಸಂಸ್ಥಾನಕ್ಕೆ ಈ ಪಾಠ ಬೇರೊಂದು ರೂಪದಲ್ಲಿ ಬಂದಿತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ಜನ ಮನೆ ಬಿಟ್ಟು ಗುಡಿಸಲುಗಳಿಗೆ ಹೋದರು, ರೋಗಿಗಳ ಬಟ್ಟೆಬರೆಗಳು ಬೆಂಕಿಗೋ ಔಷಧದ ನೀರಿಗೋ ಬಿದ್ದುವು. ಅದೇ ವರ್ಷ ಕರಾಚಿಯಲ್ಲಿ ಸಿಮಂಡ್ ಎಂಬ ವೈದ್ಯನು ಇಲಿಯ ಚಿಗಟವೇ ಪ್ಲೇಗಿನ ವಾಹನವೆಂದು ತೋರಿಸಿದನು. ಸಾಬೂನಿನ ವಿಷಯದಲ್ಲಂತೂ ನಾವು ಭಾಗ್ಯವಂತರು. ಮೊದಲ ಮಹಾಯುದ್ಧದ ಕಾಲದಲ್ಲಿಯೇ ಸಂಸ್ಥಾನವು ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತೆರೆಯಿತು. ಅದರ ಹಿಂದೆ ದುಡಿದ ಎಸ್. ಜಿ. ಶಾಸ್ತ್ರಿಗಳು ನಮ್ಮ ನೆರೆಯ ಸೋಸಲೆಯವರು.

ಇಷ್ಟು ಹಿಂದಿನ ಮಾತು. ಈಗ ಕೂಡುಕುಟುಂಬ ಕರಗಿದೆ, ಮಕ್ಕಳು ದೂರದ ಊರಿನಲ್ಲಿದ್ದಾರೆ, ಸಣ್ಣ ಪಟ್ಟಣಗಳಲ್ಲಿಯೂ ವೃದ್ಧಾಶ್ರಮಗಳು ಬಂದಿವೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾನೂನು ಜಿಲ್ಲೆಗೊಂದಾದರೂ, ಕಡಮೆಯೆಂದರೆ 150 ಮಂದಿಗೆ ಸಾಲುವಂಥ ವೃದ್ಧಾಶ್ರಮದ ಮಾತನ್ನು ಹೇಳುತ್ತದೆ. ನೂರೈವತ್ತು ಮಂದಿ ಎಂದರೆ ದಿನಕ್ಕೆ ಎಷ್ಟು ದುಪ್ಪಟಿ, ಎಷ್ಟು ಪಂಚೆ, ಎಷ್ಟು ಸೀರೆ! ಆಯದ ಅಗಸ ಈಗ ಇಲ್ಲ, ಉಬ್ಬೆಯೂ ಕಾಣೆ. ಒಗೆಯುವ ಯಂತ್ರ ಬಂದಿದೆ. ಆದರೆ ವಿದ್ಯುತ್ತಿನ ಖರ್ಚಿಗೆ ಹೆದರಿ ತಣ್ಣೀರಿನಲ್ಲೇ ತಿರುಗಿಸುತ್ತಾರೆ. ಉಬ್ಬೆಯಲ್ಲಿದ್ದ ಶಾಖವೇ ಯಂತ್ರದಲ್ಲಿ ಬಿಟ್ಟುಹೋಯಿತು. ಬ್ರಿಟನ್ನಿನ ಆಸ್ಪತ್ರೆಗಳ ನಿಯಮದಲ್ಲಿ ನೀರು 65 ಡಿಗ್ರಿಯಲ್ಲಿ 10 ನಿಮಿಷ ಇಲ್ಲವೆ 71 ಡಿಗ್ರಿಯಲ್ಲಿ 3 ನಿಮಿಷ ಇರಬೇಕು. ಅಮೆರಿಕದವರು 71 ಡಿಗ್ರಿಯಲ್ಲಿ 25 ನಿಮಿಷ ಎನ್ನುತ್ತಾರೆ. ಯಂತ್ರಕ್ಕೆ ಅಷ್ಟು ಶಾಖ ಬಾರದಿದ್ದರೆ ಹಂಡೆಯಲ್ಲಿ ಕುದಿಸಿದರಾಯಿತು. ನಮ್ಮ ಹಂಡೆಗೆ ಈ ಡಿಗ್ರಿಗಳು ದೊಡ್ಡ ಮಾತಲ್ಲ.

ಆಶ್ರಮಗಳಲ್ಲಿ ಬಟ್ಟೆಯ ಮೂಲಕ ಹಬ್ಬುವ ಉಪದ್ರವಗಳಲ್ಲಿ ತುರಿಕಜ್ಜಿ ಮುಖ್ಯ. ಅದರ ನುಸಿ ಮನುಷ್ಯನ ಮೈ ಬಿಟ್ಟರೂ ಹಾಸಿಗೆಯಲ್ಲಿ ಎರಡು ಮೂರು ದಿನ ಬದುಕಬಲ್ಲುದು; 50 ಡಿಗ್ರಿಯ ಶಾಖದಲ್ಲಿ ಹತ್ತು ನಿಮಿಷಕ್ಕೆ ಸಾಯುತ್ತದೆ. ಒಗೆಯಲಾಗದ ಕಂಬಳಿಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕಾರು ದಿನ ಮುಟ್ಟದಿದ್ದರೂ ಆಗುತ್ತದೆ. ಮಲಮೂತ್ರ, ರಕ್ತ ಸೋಕಿದ ದುಪ್ಪಟಿಯನ್ನು ಕೊಡವಬಾರದು. ಕೊಳೆ ಒಳಗಾಗುವಂತೆ ಸುರುಳಿ ಸುತ್ತಿ, ಮಂಚದ ಬಳಿಯೇ ಚೀಲಕ್ಕೆ ಹಾಕಬೇಕು, ನೆಲದ ಮೇಲೆ ಎಸೆಯಬಾರದು. ಕೊಳೆಬಟ್ಟೆ ಬರುವ ಬಾಗಿಲು ಒಂದು, ಒಗೆದ ಬಟ್ಟೆ ಹೋಗುವ ಬಾಗಿಲು ಇನ್ನೊಂದು. ಮಡಿ ಮೈಲಿಗೆಯಲ್ಲಿ ಅಷ್ಟು ನಿಷ್ಠೆ ತೋರಿಸಿದ ನಮಗೆ ಈ ಒಂದು ನಿಯಮ ಕಷ್ಟವಾಗಬಾರದಿತ್ತು! ಆದರೂ ಅಡಿಗೆಮನೆಯ ಹಿಂಬದಿಯ ಒಂದೇ ಕೋಣೆಯಲ್ಲಿ ಎರಡು ರಾಶಿಗಳನ್ನೂ ಒತ್ತೊತ್ತಾಗಿ ಇಡುವ ಆಶ್ರಮಗಳುಂಟು.

ಆ ಕೋಣೆಯ ಅಪಾಯಗಳು ಬೇರೆಯೇ ಇವೆ. ಒದ್ದೆನೆಲದಲ್ಲಿ ಜಾರಿದ ವೃದ್ಧರ ಸೊಂಟದ ಮೂಳೆ ಮುರಿದರೆ ಮತ್ತೆ ಕೂಡುವುದು ಕಷ್ಟ. ಕಕ್ಕಸಿಗೆ ಹಾಕುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರಿಗೆ ಸೇರಿಸಿದರೆ ವಿಷಗಾಳಿ ಏಳುತ್ತದೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವುದೂ ಸಲ್ಲದು. ಮರೆವಿನ ಕಾಯಿಲೆಯವರು ಬಣ್ಣದ ಸೀಸೆಯನ್ನು ಷರಬತ್ತೆಂದು ಎತ್ತಿಕೊಂಡಾರು, ಬೀಗ ಬೇಕು. ಬಟ್ಟೆ ಒಣಗಿಸುವ ಯಂತ್ರದ ಜಾಲರಿಯಲ್ಲಿ ಕೂಡುವ ನೂಲಿನ ಧೂಳನ್ನು ದಿನವೂ ತೆಗೆಯದಿದ್ದರೆ ಬೆಂಕಿಗೆ ಅದೇ ಅರಳೆ. ಮೈಗೆ ಎಣ್ಣೆ ಹಚ್ಚಿ ಒರೆಸಿದ ಬಟ್ಟೆಗಳನ್ನು ಬಿಸಿಯಾಗಿ ರಾಶಿ ಹಾಕಿದರೆ, ಎಣ್ಣೆ ಗಾಳಿಯೊಡನೆ ಸೇರಿ ತಾನೇ ಕಾವೇರಿ ಹೊತ್ತಿಕೊಳ್ಳುವುದುಂಟು. ಹರಳೆಣ್ಣೆ, ಕೊಬ್ಬರಿಎಣ್ಣೆಗಳಿಗಿಂತ ಅಗಸೆಎಣ್ಣೆಯಂಥವುಗಳಲ್ಲಿ ಈ ಗುಣ ಹೆಚ್ಚು.

ನಿಮ್ಮಲ್ಲಿ ಯಾರಾದರೂ ತಾಯಿಯನ್ನೋ ಅತ್ತೆಯನ್ನೋ ಆಶ್ರಮಕ್ಕೆ ಸೇರಿಸುವ ಮುನ್ನ ನೋಡಲು ಹೋದರೆ, ಮುಂದಿನ ಕೋಣೆಯ ಸೋಫಾವನ್ನೂ ದೇವರಮನೆಯನ್ನೂ ತೋರಿಸುತ್ತಾರೆ. ನೋಡಿ ಸಂತೋಷಪಡಿರಿ. ಆಮೇಲೆ ಬಟ್ಟೆ ಒಗೆಯುವ ಜಾಗವನ್ನು ತೋರಿಸಿರೆಂದು ಕೇಳಿರಿ. ಅಲ್ಲಿ ದುಡಿಯುವ ಹೆಂಗಸನ್ನು ಮಾತನಾಡಿಸಿರಿ. ಆಕೆಗೆ ಮೊಣಕೈವರೆಗಿನ ರಬ್ಬರಿನ ಕೈಚೀಲ ಕೊಟ್ಟಿದ್ದಾರೆಯೆ, ರಕ್ತದ ಮೂಲಕ ಹತ್ತುವ ಕಾಮಾಲೆಗೆ ಮೂರು ಸಲದ ಲಸಿಕೆ ಹಾಕಿಸಿದ್ದಾರೆಯೆ, ಕೈ ತೊಳೆಯಲು ಬೇರೆ ನಲ್ಲಿ ಇದೆಯೆ? ಕೆಲಸ ಮಾಡುವಾಗ ಉಡುವ ಸೀರೆಯನ್ನು ಆಕೆ ಸಂಜೆ ಮನೆಗೆ, ತನ್ನ ಮಕ್ಕಳ ನಡುವೆ, ಉಟ್ಟುಕೊಂಡು ಹೋಗುತ್ತಾಳೆಯೆ ಅಥವಾ ಅದನ್ನೂ ಅಲ್ಲಿಯೇ, ಅದೇ ಬಿಸಿನೀರಿನಲ್ಲಿ, ರೋಗಿಗಳ ಬಟ್ಟೆಯಂತೆಯೇ ಒಗೆಯುತ್ತಾರೆಯೆ?